ಕೀವಿನಾದಲ್ಲಿ ಸ್ನೋಮೊಬೈಲ್: ಟ್ರೇಲ್ ಹೇಗಿದೆ ಅಂತ ಹೊರಡುವ ಮುಂಚೆ ತಿಳಿಯುವುದು ಹೇಗೆ?

ಡಿಸೆಂಬರ್ ಬಂತೆಂದರೆ ಡೆಟ್ರಾಯಿಟ್, ಶಿಕಾಗೋ ಕಡೆಯ ಕನ್ನಡದವರಿಂದ ಒಂದೇ ಪ್ರಶ್ನೆ: "ನಿಮ್ಮ ಕಡೆ ಸ್ನೋ ಎಷ್ಟು ಬಿದ್ದಿದೆ? ಈ ವಾರ ಸ್ನೋಮೊಬೈಲ್ ಓಡಿಸೋಕೆ ಬರಬಹುದಾ?" ಎಷ್ಟು ಬಿದ್ದಿದೆ ಅಂತ ಯಾರು ಬೇಕಾದರೂ ಹೇಳಬಹುದು. ಬರಬಹುದಾ ಅನ್ನುವುದಕ್ಕೆ ಮಾತ್ರ ಅದರಿಂದ ಉತ್ತರ ಸಿಗುವುದಿಲ್ಲ. ರಾತ್ರಿಯಿಡೀ ಒಂದು ಅಡಿ ಹಿಮ ಸುರಿದ ಮಾರನೇ ಬೆಳಿಗ್ಗೆ ಟ್ರೇಲ್, ಅಂದರೆ ಹಿಮದ ಮೇಲೆ ಓಡುವ ಈ ಗಾಡಿಗಳ ದಾರಿ, ಮಹಾ ಕಷ್ಟದ್ದಾಗಿರಬಹುದು. ವಾರದಿಂದ ಒಂದು ಹನಿ ಹಿಮ ಬೀಳದಿದ್ದರೂ ನುಣ್ಣಗೆ, ಗಟ್ಟಿಯಾಗಿ, ಸೊಗಸಾಗಿರಬಹುದು. ಕೇಳಬೇಕಾದ್ದು ಬೇರೆ ಮೂರು ಪ್ರಶ್ನೆ. ಟ್ರೇಲ್‌ನ ಹಿಮವನ್ನು ಮಟ್ಟ ಮಾಡುವ ಯಂತ್ರ, ಅಂದರೆ ಗ್ರೂಮರ್, ಕೊನೆಯ ಸಲ ಯಾವಾಗ ಹೋಯಿತು? ಆಮೇಲೆ ಚಳಿ ಎಷ್ಟಿತ್ತು? ಆಮೇಲೆ ಎಷ್ಟು ಗಾಡಿ ಓಡಿದವು? ಈ ಮೂರಕ್ಕೆ ಉತ್ತರ ಹುಡುಕುವುದು ಹೇಗೆ ಅನ್ನುವುದೇ ಈ ಲೇಖನ.

ಜಾಗ ಯಾವುದು, ಹಿಮ ಯಾಕೆ ಇಷ್ಟು?

ಮಿಷಿಗನ್ ರಾಜ್ಯದ ಮೇಲ್ಭಾಗವನ್ನು ಅಪ್ಪರ್ ಪೆನಿನ್ಸುಲಾ ಅನ್ನುತ್ತಾರೆ. ಚಿಕ್ಕದಾಗಿ ಯು.ಪಿ. ಅದರ ಉತ್ತರದ ತುದಿಯಲ್ಲಿ ಸುಪೀರಿಯರ್ ಸರೋವರದೊಳಕ್ಕೆ ಚಾಚಿಕೊಂಡಿರುವ ನೆಲವೇ ಕೀವಿನಾ. ಹೋಟನ್, ಹ್ಯಾನ್‌ಕಾಕ್, ಕ್ಯಾಲ್ಯುಮೆಟ್, ತುತ್ತತುದಿಯಲ್ಲಿ ಕಾಪರ್ ಹಾರ್ಬರ್ ಇಲ್ಲಿನ ಊರುಗಳು. ಡೆಟ್ರಾಯಿಟ್‌ನಿಂದ ಸುಮಾರು 550 ಮೈಲಿ, ಶಿಕಾಗೋದಿಂದ ಸುಮಾರು 420.

ವಾಯವ್ಯದಿಂದ ಬರುವ ಕೊರೆಯುವ ಗಾಳಿ ಸರೋವರದ ಮೇಲೆ ಹಾಯುವಾಗ ಅದಕ್ಕಿಂತ ಬೆಚ್ಚಗಿರುವ ನೀರಿನಿಂದ ತೇವ ಹೀರಿಕೊಳ್ಳುತ್ತದೆ. ನೆಲ ಸಿಕ್ಕಿ, ಗುಡ್ಡ ಏರುತ್ತಿದ್ದಂತೆ ಹೊತ್ತು ತಂದದ್ದನ್ನೆಲ್ಲ ಹಿಮವಾಗಿ ಸುರಿಯುತ್ತದೆ. ಇದಕ್ಕೆ ಲೇಕ್ ಎಫೆಕ್ಟ್ ಹಿಮ ಅಂತ ಹೆಸರು. 1978-79ರ ಚಳಿಗಾಲದಲ್ಲಿ ಕೀವಿನಾ ಕೌಂಟಿಯಲ್ಲಿ 390.4 ಇಂಚು ಬಿದ್ದಿತ್ತು. ಅಂದರೆ ಮೂವತ್ತೆರಡು ಅಡಿಗೂ ಜಾಸ್ತಿ. ಅದನ್ನು ತೋರಿಸಲು ಹೆದ್ದಾರಿ 41ರ ಪಕ್ಕ ಎತ್ತರದ ಅಳತೆಪಟ್ಟಿಯೊಂದನ್ನು ನಿಲ್ಲಿಸಿದ್ದಾರೆ. ದಾರಿಯಲ್ಲಿ ಸಿಗುತ್ತದೆ, ಎಲ್ಲರೂ ಅಲ್ಲೊಂದು ಫೋಟೋ ತೆಗೆಸಿಕೊಳ್ಳುತ್ತಾರೆ.

ನಿಮಗೆ ಇದರಿಂದ ತಿಳಿಯಬೇಕಾದ್ದು ಇಷ್ಟು: ಈ ಹಿಮ ಎಲ್ಲ ಕಡೆ ಒಂದೇ ಸಮ ಬೀಳುವುದಿಲ್ಲ. ಮೋಡ ಪಟ್ಟೆಪಟ್ಟೆಯಾಗಿ ಬರುತ್ತದೆ. ಗಾಳಿಯ ದಿಕ್ಕು ತುಸು ತಿರುಗಿದರೆ ಒಂದೂರಿಗೆ ಹತ್ತು ಇಂಚು, ಇಪ್ಪತ್ತು ಮೈಲಿ ಆಚೆ ಬರೀ ಬಿಸಿಲು. ಸರೋವರದ ದಂಡೆಗಿಂತ ಒಳಗಿನ ಗುಡ್ಡಸಾಲಿನ ಮೇಲೆ ಜಾಸ್ತಿ. ಹಾಗಾಗಿ "ಯು.ಪಿ.ಯಲ್ಲಿ ಹಿಮ ಹೇಗಿದೆ" ಅನ್ನುವ ಪ್ರಶ್ನೆಗೆ ಅರ್ಥವೇ ಇಲ್ಲ. ಯಾವ ಟ್ರೇಲ್, ಎಲ್ಲಿಂದ ಎಲ್ಲಿಗೆ ಅಂತ ಕೇಳಬೇಕು.

ಹಂತ 1: ಯಾವಾಗ ಬರುವುದು?

ಮಿಷಿಗನ್‌ನಲ್ಲಿ ಟ್ರೇಲ್ ಗ್ರೂಮಿಂಗ್ ಡಿಸೆಂಬರ್ 1ರಿಂದ ಮಾರ್ಚ್ 31ರವರೆಗೆ, ಅದೂ ಹಿಮ ಸಾಕಷ್ಟಿದ್ದರೆ. ನವೆಂಬರ್ 15ರಿಂದ 30ರವರೆಗೆ ಬಂದೂಕಿನಿಂದ ಜಿಂಕೆ ಬೇಟೆಯಾಡುವ ಕಾಲ, ಕಾಡಿನ ತುಂಬ ಬೇಟೆಗಾರರು. ಆಗ ಎಷ್ಟೇ ಹಿಮ ಬಿದ್ದರೂ ಆಸೆಪಡಬೇಡಿ.

ಡಿಸೆಂಬರ್ ಮೊದಲಲ್ಲಿ ಹಿಮ ಕಂಡರೂ ಕೆಳಗಿನ ನೆಲ ಹೆಪ್ಪುಗಟ್ಟಿರುವುದಿಲ್ಲ. ಜೌಗು ಇರುವ ಕಡೆ ನೀರಿನ ಗುಂಡಿಗಳು ಬಾಯಿ ತೆರೆದೇ ಇರುತ್ತವೆ. ನನ್ನನ್ನು ಕೇಳಿದರೆ ಜನವರಿ ನಡುವಿನಿಂದ ಫೆಬ್ರವರಿ ಕೊನೆವರೆಗಿನ ಕಾಲವೇ ನಂಬಿಕೆಯದು. ಮಾರ್ಚ್‌ನಲ್ಲಿ ಹಗಲು ಕರಗಿ ರಾತ್ರಿ ಗಟ್ಟಿಯಾಗುವ ಆಟ ಶುರುವಾಗುತ್ತದೆ. ಬೆಳಿಗ್ಗೆ ಹತ್ತರವರೆಗೆ ಸೊಗಸು, ಮಧ್ಯಾಹ್ನಕ್ಕೆ ಕೆಸರಿನಂಥ ಹಿಮ.

ದಿನ ಆರಿಸುವುದು ತಿಂಗಳಿಗಿಂತ ಮುಖ್ಯ. ಶನಿವಾರ ಇಡೀ ವಿಸ್ಕಾನ್ಸಿನ್ ಇಲ್ಲಿಗೇ ಬಂದಂತಿರುತ್ತದೆ. ಸಂಜೆ ಹೊತ್ತಿಗೆ ಟ್ರೇಲ್ ಉಬ್ಬುತಗ್ಗು. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ, ಜನವರಿಯ ಮಾರ್ಟಿನ್ ಲೂಥರ್ ಕಿಂಗ್ ದಿನ, ಫೆಬ್ರವರಿಯ ಪ್ರೆಸಿಡೆಂಟ್ಸ್ ಡೇ ವಾರಾಂತ್ಯಗಳು ಇನ್ನೂ ಜೋರು. ರಜೆ ಹಾಕಲು ಆಗುವುದಾದರೆ ಮಂಗಳವಾರ, ಬುಧವಾರ ಬನ್ನಿ.

ಒಂದು ಎಚ್ಚರಿಕೆ. ಹಿಮದ ಊರು ಅಂತ ಪ್ರತಿ ವರ್ಷ ಹಿಮ ಇದ್ದೇ ಇರುತ್ತದೆ ಅಂತಲ್ಲ. 2023-24ರ ಚಳಿಗಾಲದಲ್ಲಿ ಇಲ್ಲಿ ಹಿಮ ಎಷ್ಟು ಕಡಿಮೆಯಿತ್ತು ಅಂದರೆ ಮಾರ್ಕೆಟ್ (Marquette) ಅನ್ನುವ ಊರಿನ ಹೆಸರಾಂತ ನಾಯಿಬಂಡಿ ಓಟ ಯು.ಪಿ.200 ರದ್ದಾಯಿತು. ರೂಮು ಕಾದಿರಿಸುವಾಗ ರದ್ದು ಮಾಡಿದರೆ ಹಣ ವಾಪಸ್ ಬರುತ್ತದಾ ಅಂತ ಮೊದಲೇ ಕೇಳಿ.

ಹಂತ 2: ಪರ್ಮಿಟ್ ಮತ್ತು ಗಾಡಿ

ಸಾರ್ವಜನಿಕ ಟ್ರೇಲ್ ಮೇಲೆ ಓಡುವ ಪ್ರತಿ ಸ್ನೋಮೊಬೈಲಿಗೂ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ, ಅಂದರೆ ಎಲ್ಲರೂ ಡಿ.ಎನ್.ಆರ್. ಅನ್ನುವ ಇಲಾಖೆಯ, ಟ್ರೇಲ್ ಪರ್ಮಿಟ್ ಬೇಕು. ಅಕ್ಟೋಬರ್ 1ರಿಂದ ಮುಂದಿನ ಸೆಪ್ಟೆಂಬರ್ 30ರವರೆಗೆ ನಡೆಯುತ್ತದೆ. 2021ರಲ್ಲಿ ಬೆಲೆ 52 ಡಾಲರ್ ಇತ್ತು. ಐದು ವರ್ಷಕ್ಕೊಮ್ಮೆ ಪರಿಷ್ಕರಣೆ ಆಗುತ್ತದೆ, ಹಾಗಾಗಿ ಕೊಳ್ಳುವಾಗ ಒಮ್ಮೆ ನೋಡಿಕೊಳ್ಳಿ. ಬಾಡಿಗೆ ಗಾಡಿಗೆ ಸಾಮಾನ್ಯವಾಗಿ ಅಂಟಿಸಿಯೇ ಇರುತ್ತಾರೆ, ಮುಂದಿನ ದೀಪದ ಹತ್ತಿರ ಸ್ಟಿಕ್ಕರ್ ಇದೆಯಾ ಅಂತ ಕಣ್ಣಾರೆ ನೋಡಿ. ವಿಸ್ಕಾನ್ಸಿನ್ ಗಡಿ ದಾಟುವುದಾದರೆ ಅಲ್ಲಿನ ಪಾಸ್ ಬೇರೆ.

ಈ ದುಡ್ಡು ಸುಮ್ನೆ ಖಜಾನೆಗೆ ಹೋಗುವುದಿಲ್ಲ. ರಾಜ್ಯದ 6,000ಕ್ಕೂ ಹೆಚ್ಚು ಮೈಲಿ ಟ್ರೇಲ್‌ನ ಗ್ರೂಮಿಂಗ್, ಫಲಕ, ದುರಸ್ತಿ ನಡೆಯುವುದು ಬಹುಪಾಲು ಇದರಿಂದಲೇ. ಇಲಾಖೆ ಅನುದಾನ ಕೊಡುತ್ತದೆ, ಆಯಾ ಊರಿನ ಕ್ಲಬ್‌ಗಳು ಗ್ರೂಮರ್ ಓಡಿಸುತ್ತವೆ.

ಬಾಡಿಗೆ ಗಾಡಿ ತೆಗೆದುಕೊಳ್ಳುವಾಗ ಮೂರು ವಿಷಯ ಬರೆದುಕೊಳ್ಳಿ: ಗಾಡಿ ಜಖಂ ಆದರೆ ನೀವು ಎಷ್ಟರವರೆಗೆ ಹೊಣೆ, ಕಾರ್ಡಿನ ಮೇಲೆ ಎಷ್ಟು ಹಣ ಹಿಡಿದಿಡುತ್ತಾರೆ, ಕೆಟ್ಟು ನಿಂತರೆ ಎಳೆದು ತರುವವರು ಯಾರು. ಗಾಡಿ ಕೈಗೆ ತೆಗೆದುಕೊಳ್ಳುವ ಮುಂಚೆ ಅದರ ನಾಲ್ಕೂ ಬದಿಯ ವಿಡಿಯೋ ಮಾಡಿಕೊಳ್ಳಿ. ಹೆಲ್ಮೆಟ್ ಕಾನೂನು ಪ್ರಕಾರ ಕಡ್ಡಾಯ. 12 ವರ್ಷದ ಕೆಳಗಿನ ಮಕ್ಕಳ ಕೈಗೆ ಗಾಡಿ ಕೊಡುವ ಯೋಚನೆ ಬೇಡ. 12ರಿಂದ 16ರವರಿಗೆ ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಬೇಕು, ಇಲ್ಲವೇ ದೊಡ್ಡವರು ಜೊತೆಗಿರಬೇಕು.

ಊರಿಂದ ಬಂದ ಅಪ್ಪ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಹೋಗುವ ಆಸೆ ಹಲವರಿಗೆ ಇರುತ್ತದೆ. ಆಗಬಹುದು. ಆದರೆ ಇಬ್ಬರಿಗೆಂದೇ ಮಾಡಿದ, ಬೆನ್ನಿಗೆ ಆಸರೆ ಇರುವ ಗಾಡಿಯೇ ಬೇಕು, ಮತ್ತು ಆ ದಿನ ಬೆಳಿಗ್ಗೆ ಗ್ರೂಮ್ ಆದ ಟ್ರೇಲ್ ಮೇಲೆ ಮಾತ್ರ. ಉಬ್ಬುತಗ್ಗಿನ ಟ್ರೇಲ್‌ನಲ್ಲಿ ಹಿಂದೆ ಕೂತವರ ಸೊಂಟದ ಕಥೆ ಕೇಳಬೇಡಿ. ಓಡಿಸುವವರಿಗೆ ಮುಂದಿನ ಉಬ್ಬು ಕಾಣುತ್ತದೆ, ಅವರಿಗೆ ಕಾಣುವುದು ನಿಮ್ಮ ಜಾಕೆಟ್ಟು ಮಾತ್ರ.

ಹಂತ 3: ಗ್ರೂಮಿಂಗ್ ಅಂದರೆ ಏನು ಅಂತ ತಿಳಿದುಕೊಳ್ಳಿ

ಇದನ್ನು ಬಿಟ್ಟು ಮುಂದಕ್ಕೆ ಹೋಗಬೇಡಿ. ಇದು ಗೊತ್ತಿದ್ದರೆ ವರದಿ ಓದುವುದು ನೀರು ಕುಡಿದಷ್ಟು ಸುಲಭ.

ಸ್ನೋಮೊಬೈಲ್‌ನ ಹಿಂದಿನ ರಬ್ಬರ್ ಪಟ್ಟಿಗೆ ಟ್ರ್ಯಾಕ್ ಅನ್ನುತ್ತಾರೆ. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಅದು ಹಿಮವನ್ನು ಕೆರೆದು ಹಿಂದಕ್ಕೆ ಎಸೆಯುತ್ತದೆ. ಬ್ರೇಕ್ ಹಾಕಿದಾಗ ಮುಂದಕ್ಕೆ ತಳ್ಳುತ್ತದೆ. ಮೊದಲ ಗಾಡಿ ಒಂದು ಸಣ್ಣ ತಗ್ಗು ಮಾಡಿತು ಅಂದುಕೊಳ್ಳಿ. ಎರಡನೆಯದು ಅದರಲ್ಲಿ ಇಳಿದು, ಏರುವಾಗ ಆಕ್ಸಿಲರೇಟರ್ ಒತ್ತಿ ಅದನ್ನು ಇನ್ನಷ್ಟು ತೋಡುತ್ತದೆ. ನೂರು ಗಾಡಿ ಹೋಗುವಷ್ಟರಲ್ಲಿ ಸಾಲಾಗಿ ಉಬ್ಬು, ತಗ್ಗು, ಉಬ್ಬು, ತಗ್ಗು. ಇದಕ್ಕೆ ಮೋಗಲ್ ಅನ್ನುತ್ತಾರೆ. ತಿರುವುಗಳಲ್ಲಿ, ರಸ್ತೆ ದಾಟುವ ಕಡೆ ಇವು ಜಾಸ್ತಿ. ಕಾರಣ ನಿಮಗೇ ಗೊತ್ತಾಯಿತು: ಎಲ್ಲರೂ ಬ್ರೇಕ್ ಹಾಕುವುದು, ಎಲ್ಲರೂ ಮತ್ತೆ ವೇಗ ಹಿಡಿಯುವುದು ಅಲ್ಲೇ.

ಗ್ರೂಮರ್ ಅಂದರೆ ಟ್ರ್ಯಾಕ್ ಹಾಕಿದ ದೊಡ್ಡ ಟ್ರ್ಯಾಕ್ಟರ್. ಅದರ ಹಿಂದೆ ಉದ್ದನೆಯ ಕಬ್ಬಿಣದ ಚೌಕಟ್ಟು ಎಳೆದುಕೊಂಡು ಬರುತ್ತದೆ. ಅದು ಡ್ರ್ಯಾಗ್. ಗದ್ದೆ ಉತ್ತು ಹಲಗೆ ಹೊಡೆಯುವುದನ್ನು ಕಂಡವರಿಗೆ ಇದರ ಕೆಲಸ ಥಟ್ಟನೆ ಅರ್ಥವಾಗುತ್ತದೆ. ಚೌಕಟ್ಟಿನೊಳಗೆ ಓರೆಯಾಗಿ ಕೂರಿಸಿದ ಅಲಗುಗಳು ಮೋಗಲ್‌ಗಳ ತಲೆ ಕತ್ತರಿಸುತ್ತವೆ. ಕತ್ತರಿಸಿದ ಹೆಂಟೆಗಳು ಒಂದು ಅಲಗಿನಿಂದ ಇನ್ನೊಂದಕ್ಕೆ ಉರುಳುತ್ತ ಪುಡಿಯಾಗುತ್ತವೆ, ಹಿಮದೊಳಗೆ ಸಿಕ್ಕಿದ್ದ ಗಾಳಿ ಹೊರಹೋಗುತ್ತದೆ. ಕೊನೆಯಲ್ಲಿ ಅಗಲವಾದ ತಟ್ಟೆಯೊಂದು ಅದನ್ನು ಒತ್ತಿ ಮಟ್ಟ ಮಾಡುತ್ತದೆ. ವೇಗ ಗಂಟೆಗೆ 5ರಿಂದ 8 ಮೈಲಿ ಅಷ್ಟೇ. ಅವಸರ ಮಾಡಿದರೆ ಡ್ರ್ಯಾಗ್ ಕುಣಿಯುತ್ತದೆ, ಕತ್ತರಿಸುವ ಬದಲು ಮೇಲೆ ಮೇಲೆ ಸವರುತ್ತದೆ. ಬುಡದವರೆಗೆ ಕತ್ತರಿಸದ ಮೋಗಲ್ ಇದ್ದ ಜಾಗದಲ್ಲೇ ಮತ್ತೆ ಏಳುತ್ತದೆ. ತಗ್ಗಿಗೆ ತುಂಬಿದ ಸಡಿಲ ಹಿಮವನ್ನು ಮೊದಲ ಹತ್ತು ಗಾಡಿಗಳೇ ಎತ್ತಿ ಎಸೆಯುತ್ತವೆ.

ಇಷ್ಟಾದರೂ ಕೆಲಸ ಮುಗಿದಿಲ್ಲ. ಒತ್ತಿದ ಹಿಮದ ಕಣಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗಬೇಕು. ಇದಕ್ಕೆ "ಸೆಟ್ ಆಗುವುದು" ಅನ್ನುತ್ತಾರೆ, ಸಿಮೆಂಟಿನ ವಿಷಯದಲ್ಲಿ ನಾವು ಅನ್ನುವ ಹಾಗೇ. ಕಡಿಮೆ ಅಂದರೂ ಎರಡು ಗಂಟೆ, ಒಮ್ಮೊಮ್ಮೆ ಆರು ಗಂಟೆಗೂ ಮೇಲೆ ಬೇಕು. 5ರಿಂದ 20 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸೊನ್ನೆಗಿಂತ 7ರಿಂದ 15 ಡಿಗ್ರಿ ಸೆಲ್ಸಿಯಸ್ ಕೆಳಗೆ ಇದ್ದರೆ ಚೆನ್ನಾಗಿ ಸೆಟ್ ಆಗುತ್ತದೆ. 32 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸೊನ್ನೆ ಸೆಲ್ಸಿಯಸ್ ಹತ್ತಿರ ಇದ್ದರೆ ಮೆತ್ತಗೇ ಉಳಿಯುತ್ತದೆ. ಗ್ರೂಮರ್‌ಗಳು ರಾತ್ರಿ ಹೊರಡುವುದು ಇದಕ್ಕೇ: ಚಳಿ ಜಾಸ್ತಿ, ಗಾಡಿ ಕಡಿಮೆ.

ಈಗ ನೀವೇ ಲೆಕ್ಕ ಹಾಕಿ. ರಾತ್ರಿ 11ಕ್ಕೆ ಗ್ರೂಮ್ ಆಗಿ, ಬೆಳಗಿನ ಜಾವ 10 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಬೆಳಿಗ್ಗೆ ಎಂಟಕ್ಕೆ ಟ್ರೇಲ್ ಹಬ್ಬ. ಅದೇ ಟ್ರೇಲ್ ಸಂಜೆ 5ಕ್ಕೆ ಗ್ರೂಮ್ ಆಗಿ, ಆರಕ್ಕೆ ಐವತ್ತು ಗಾಡಿ ಹೋದರೆ ಗ್ರೂಮಿಂಗ್ ನೀರಿಗೆ ಹಾಕಿದ ಹೋಮ. ಎರಡಕ್ಕೂ ವರದಿಯಲ್ಲಿ ಬರೆಯುವುದು ಒಂದೇ: "ನಿನ್ನೆ ಗ್ರೂಮ್ ಆಗಿದೆ."

ಹಂತ 4: ವರದಿ ಓದುವುದು

ಕ್ಲಬ್‌ಗಳು, ಮೋಟೆಲ್‌ಗಳು, ಪ್ರವಾಸಿ ಕಚೇರಿಗಳು ಟ್ರೇಲ್ ವರದಿ ಹಾಕುತ್ತಿರುತ್ತವೆ. ಓದುವ ಕ್ರಮ ಹೀಗಿರಲಿ.

ಮೊದಲು ತಾರೀಖು ಮತ್ತು ಹೊತ್ತು. ಮೂರು ದಿನ ಹಳೆಯ "ಅತ್ಯುತ್ತಮ" ವರದಿಗೆ ಬೆಲೆಯಿಲ್ಲ. ನಡುವೆ ಒಂದು ಶನಿವಾರ ಬಂದು ಹೋಗಿದ್ದರಂತೂ ಮರೆತುಬಿಡಿ.

ಎರಡನೆಯದು ಬೇಸ್. ಕೆಳಗೆ ಗಟ್ಟಿಯಾಗಿ ಕೂತಿರುವ ಹಿಮದ ಪದರಕ್ಕೆ ಬೇಸ್ ಅನ್ನುತ್ತಾರೆ. ಹೊಸ ಹಿಮ ಹತ್ತು ಇಂಚು, ಬೇಸ್ ಎರಡು ಇಂಚು ಅಂದರೆ ಕಲ್ಲು, ಮರದ ಬೇರು ಪುಡಿಹಿಮದ ಕೆಳಗೆ ಅಡಗಿ ಕೂತಿವೆ ಅಂತ ಅರ್ಥ. ಹೊಸ ಹಿಮ ಸೊನ್ನೆ, ಬೇಸ್ ಹದಿನೈದು ಇಂಚು ಅಂದರೆ ಹೊರಡಿ.

ಮೂರನೆಯದು "ತೆರೆದಿದೆ" ಅನ್ನುವ ಮಾತು. ತೆರೆದಿದೆ ಅಂದರೆ ಹೋಗಲು ಅಡ್ಡಿಯಿಲ್ಲ ಅಂತ ಅಷ್ಟೇ, ಚೆನ್ನಾಗಿದೆ ಅಂತಲ್ಲ. ಬಹಳ ಜನ ಮೋಸಹೋಗುವುದು ಇಲ್ಲೇ.

ನಾಲ್ಕನೆಯದು ದಾರಿ ಬದಲಾವಣೆ. ಟ್ರೇಲ್‌ನ ಎಷ್ಟೋ ಭಾಗ ಖಾಸಗಿಯವರ, ಮರದ ಕಂಪನಿಗಳ ಜಾಗದಲ್ಲಿ ಹಾದುಹೋಗುತ್ತದೆ. ಮರ ಕಡಿಯುವ ಕೆಲಸ ಶುರುವಾದರೆ ಲಾರಿಗಳಿಗಾಗಿ ಅದೇ ದಾರಿಯ ಹಿಮ ಎತ್ತಿಬಿಡುತ್ತಾರೆ. ಆಗ ಟ್ರೇಲ್ ಬೇರೆ ಕಡೆ ತಿರುಗುತ್ತದೆ, ಇಲ್ಲವೇ ಮುಚ್ಚುತ್ತದೆ. ಹಳೆಯ ನಕ್ಷೆ ನಂಬಿ ಹೋದರೆ ಲಾರಿಯ ಎದುರು ನಿಲ್ಲುತ್ತೀರಿ.

ಇದರ ಜೊತೆಗೆ ಮಾರ್ಕೆಟ್‌ನ ರಾಷ್ಟ್ರೀಯ ಹವಾಮಾನ ಸೇವೆಯ ಕಚೇರಿ ಕೊಡುವ ಮುನ್ಸೂಚನೆ ನೋಡಿ. ಅದರಲ್ಲಿ ಹಿಮದ ಇಂಚಿಗಿಂತ ರಾತ್ರಿಯ ತಾಪಮಾನಕ್ಕೆ ಕಣ್ಣು ಹಾಕಿ. ಊರೂರಿನ ವೆಬ್‌ಕ್ಯಾಮ್‌ಗಳೂ ಇವೆ. ಹಿಮ ತುಂಬಿದ ಚಂದದ ಚಿತ್ರ ಕಂಡು ಹಿಗ್ಗಬೇಡಿ, ಟ್ರೇಲ್ ಮೇಲೆ ಸಾಗಿದ ಗಾಡಿಗಳ ಗುರುತು ಹೇಗಿದೆ ನೋಡಿ.

ಕೊನೆಗೆ ಒಂದು ಫೋನು. ಇಳಿದುಕೊಳ್ಳುವ ಮೋಟೆಲಿಗೆ ಮಾಡಿದರೆ "ಬನ್ನಿ ಬನ್ನಿ, ಸೂಪರ್" ಅಂತಲೇ ಹೇಳುತ್ತಾರೆ, ಅವರ ಹೊಟ್ಟೆಪಾಡು. ಪೆಟ್ರೋಲ್ ಬಂಕಿಗೆ ಮಾಡಿ. ನಿನ್ನೆ ರಾತ್ರಿ ಗ್ರೂಮರ್ ಯಾವ ಕಡೆ ಹೋಯಿತು ಅಂತ ಕೇಳಿ. ಎಷ್ಟೋ ಸಲ ಅವರು ಆ ಚಾಲಕನನ್ನೇ ನೋಡಿರುತ್ತಾರೆ.

ಹಂತ 5: ಟ್ರೇಲ್ ಬಾಯಿಯಲ್ಲಿ ನಿಮ್ಮದೇ ಪರೀಕ್ಷೆ

ಗಾಡಿ ನಿಲ್ಲಿಸಿ ಇಳಿಯಿರಿ. ಬೂಟಿನ ಹಿಮ್ಮಡಿಯನ್ನು ಟ್ರೇಲ್ ಮೇಲೆ ಊರಿ ಭಾರ ಹಾಕಿ. ಅಚ್ಚು ಮಾತ್ರ ಮೂಡಿದರೆ ಸೆಟ್ ಆಗಿದೆ. ಹಿಮ್ಮಡಿ ಪೂರ್ತಿ ಮುಳುಗಿದರೆ ಇನ್ನೂ ಆಗಿಲ್ಲ. ಒಂದು ಕಾಫಿ ಕುಡಿದು ಬನ್ನಿ. ಹಸಿ ಟ್ರೇಲ್ ಮೇಲೆ ಓಡಿಸಿದರೆ ನಿಮ್ಮ ಗಾಡಿಯ ಗಾಲಿಜಾಡಿನಂಥ ಗೀರುಗಳು ರಾತ್ರಿ ಕಲ್ಲಾಗುತ್ತವೆ. ಹಿಂದೆ ಬರುವವರ ಸ್ಕೀ, ಅಂದರೆ ಮುಂದೆ ಇರುವ ಆ ಎರಡು ಜಾರುಪಟ್ಟಿ, ಅದರೊಳಗೆ ಸಿಕ್ಕಿ ಗಾಡಿ ಅತ್ತಿತ್ತ ಎಳೆಯುತ್ತದೆ.

ಟ್ರೇಲ್ ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ಖುಷಿಪಡಬೇಡಿ, ಅದು ಮಂಜುಗಡ್ಡೆ. ಅದರ ಕಥೆ ಏಳನೇ ಹಂತದಲ್ಲಿದೆ.

ಹಂತ 6: ದಾರಿಯಲ್ಲಿ

ಬಲಗಡೆಯೇ ಇರಿ, ತಿರುವಿನಲ್ಲಂತೂ ಇನ್ನೂ ಬಲಕ್ಕೆ. ಎದುರು ಬರುವವರು ಬೆರಳೆತ್ತಿ ತೋರಿಸಿದರೆ ಅದು ನಮಸ್ಕಾರವಲ್ಲ. ಹಿಂದೆ ಇನ್ನೂ ಅಷ್ಟು ಗಾಡಿ ಇದೆ ಅಂತ. ಮುಷ್ಟಿ ತೋರಿಸಿದರೆ ಅವರೇ ಕೊನೆಯವರು. ರಸ್ತೆ ಸಿಕ್ಕಿದ ಕಡೆಯೆಲ್ಲ ಪೂರ್ತಿ ನಿಲ್ಲಿಸಿ, ನೋಡಿ, ದಾಟಿ.

ಗ್ರೂಮರ್ ಯಾವ ಹೊತ್ತಿಗೆ ಬೇಕಾದರೂ ಎದುರಾಗಬಹುದು, ಹಗಲೂ ಬರುತ್ತದೆ. ಟ್ರೇಲ್‌ನ ಬಹುಪಾಲು ಅಗಲ ಅದೇ ತುಂಬಿಕೊಂಡಿರುತ್ತದೆ. ಎದುರು ಬಂದರೆ ಪಕ್ಕಕ್ಕೆ ಸರಿದು ನಿಂತುಬಿಡಿ. ನೀವು ಅದರ ಹಿಂದೆ ಬಂದಿದ್ದರೆ ಚಾಲಕ ನಿಮ್ಮನ್ನು ನೋಡಿ ಕೈ ಬೀಸುವವರೆಗೂ ಮುಂದೆ ನುಗ್ಗಬೇಡಿ. ಅವನಿಗೆ ಹಿಮದ ಧೂಳಿನಲ್ಲಿ ಹಿಂದೆ ಏನೂ ಕಾಣುತ್ತಿರುವುದಿಲ್ಲ.

ಹೋಟನ್ ಮತ್ತು ಹ್ಯಾನ್‌ಕಾಕ್ ನಡುವಿನ ಲಿಫ್ಟ್ ಸೇತುವೆ ದಾಟುವುದು ಇಲ್ಲಿನ ಒಂದು ಮೋಜು. 1959ರ ಈ ಸೇತುವೆಗೆ ಎರಡು ಅಂತಸ್ತು. ಕೆಳಗಿನದು ಹಿಂದೆ ರೈಲಿಗಾಗಿ ಇತ್ತು. ಈಗ ಚಳಿಗಾಲದಲ್ಲಿ ಮೇಲೆ ಕಾರು, ಕೆಳಗೆ ಸ್ನೋಮೊಬೈಲ್. ನಿಧಾನವಾಗಿ ಹೋಗಿ, ಅಲ್ಲಿ ಹಿಮ ತೆಳ್ಳಗಿರುತ್ತದೆ.

ಟ್ರೇಲ್ ಬಿಟ್ಟು ಪಕ್ಕದ ಪುಡಿಹಿಮಕ್ಕೆ ಇಳಿಯುವ ಚಪಲ ಬೇಡ. ಗಾಡಿ ಸೊಂಟದವರೆಗೆ ಹೂತುಹೋಗುತ್ತದೆ ಅನ್ನುವುದು ಒಂದು. ಅದು ಯಾರದೋ ಜಮೀನು ಅನ್ನುವುದು ಇನ್ನೊಂದು. ಮಾಲೀಕರಿಗೆ ಬೇಜಾರಾದರೆ ಮುಂದಿನ ವರ್ಷ ಆ ಟ್ರೇಲ್ ಇರುವುದಿಲ್ಲ.

ಟ್ಯಾಂಕ್ ತುಂಬಿಸಿದರೆ ಸುಮಾರು ನೂರು ಮೈಲಿ ಅಂದುಕೊಳ್ಳಿ, ಹೊಸ ಹಿಮದಲ್ಲಿ ಅದಕ್ಕಿಂತ ಕಡಿಮೆ. ಬಂಕ್ ಕಂಡಾಗ ತುಂಬಿಸಿ. ಫೋನ್ ಸಿಗ್ನಲ್ ಎಲ್ಲ ಕಡೆ ಸಿಗುವುದಿಲ್ಲ, ಚಳಿಗೆ ಬ್ಯಾಟರಿಯೂ ಬೇಗ ಸಾಯುತ್ತದೆ. ನಕ್ಷೆಯನ್ನು ಮೊದಲೇ ಇಳಿಸಿಕೊಂಡು ಫೋನನ್ನು ಒಳಜೇಬಿನಲ್ಲಿ, ಮೈಗೆ ಹತ್ತಿರ ಇಡಿ. ದಾರಿಯುದ್ದಕ್ಕೂ ಬಾರ್‌ಗಳಿವೆ. ಊಟ ಮಾಡಿ, ಬಿಯರ್ ರೂಮಿಗೆ ಬಂದಮೇಲೆ. ಕುಡಿದು ಓಡಿಸುವುದು ಇಲ್ಲೂ ಅಪರಾಧವೇ, ವೀಸಾ ಮೇಲಿರುವವರಿಗೆ ಅದರ ತಲೆನೋವು ದೊಡ್ಡದು.

ಹಂತ 7: ಗಟ್ಟಿ ಟ್ರೇಲ್‌ನಲ್ಲಿ ಗಾಡಿ ಬಿಸಿಯಾದರೆ

ಹೊರಗೆ ಇಷ್ಟು ಚಳಿಯಿರುವಾಗ ಎಂಜಿನ್ ಬಿಸಿಯಾಗುತ್ತದಾ ಅಂತ ನಗಬೇಡಿ. ಬಹಳಷ್ಟು ಸ್ನೋಮೊಬೈಲ್‌ಗಳ ಕೂಲರ್ ಟ್ರ್ಯಾಕಿನ ಮೇಲ್ಗಡೆ ಇರುತ್ತದೆ. ಟ್ರ್ಯಾಕ್ ಎಸೆಯುವ ಪುಡಿಹಿಮ ಅದಕ್ಕೆ ತಾಕಿ ಕರಗಿದರೆ ತಾನೇ ಎಂಜಿನ್ ತಣ್ಣಗಾಗುವುದು? ಮಂಜುಗಡ್ಡೆಯಂತಾದ ಟ್ರೇಲ್‌ನಲ್ಲಿ ಏಳಲು ಪುಡಿಯೇ ಇರುವುದಿಲ್ಲ. ಟ್ರ್ಯಾಕ್ ಒಳಗಿನ ಕಂಬಿಗೆ ಹಾಕಿರುವ ಪ್ಲಾಸ್ಟಿಕ್ ಪಟ್ಟಿಗೂ, ಅದನ್ನು ಹೈಫ್ಯಾಕ್ಸ್ ಅನ್ನುತ್ತಾರೆ, ಹಿಮವೇ ಎಣ್ಣೆ. ಅದಿಲ್ಲದಿದ್ದರೆ ಪಟ್ಟಿ ಕರಗುತ್ತದೆ. ಸುಟ್ಟ ಪ್ಲಾಸ್ಟಿಕ್ ವಾಸನೆ ಬಂದರೆ ಅದೇ.

ಬಿಸಿಯ ದೀಪ ಹತ್ತಿದರೆ ಟ್ರೇಲ್ ಅಂಚಿನ ಸಡಿಲ ಹಿಮದ ಮೇಲೆ ಸ್ವಲ್ಪ ದೂರ ನಿಧಾನವಾಗಿ ಓಡಿಸಿ. ಆಗಲೂ ಆರದಿದ್ದರೆ ನಿಲ್ಲಿಸಿ, ಟ್ರ್ಯಾಕಿನ ಒಳಕ್ಕೆ ಹಿಮ ತುಂಬಿ, ಕಾಯಿರಿ. ಕೆಲವು ಗಾಡಿಗೆ ಐಸ್ ಸ್ಕ್ರ್ಯಾಚರ್ ಇರುತ್ತದೆ, ನೆಲ ಕೆರೆದು ಪುಡಿ ಎಬ್ಬಿಸುವ ತಂತಿ. ಗಟ್ಟಿ ದಾರಿಯಲ್ಲಿ ಇಳಿಸಿ. ರಿವರ್ಸ್ ಹಾಕುವ ಮುಂಚೆ ಎತ್ತಿ ಸಿಕ್ಕಿಸಿ, ಇಲ್ಲದಿದ್ದರೆ ಮುರಿಯುವ ಸಾಧ್ಯತೆ ಇದೆ. ಬಾಡಿಗೆ ಅಂಗಡಿಯವರು ಇದನ್ನು ಹೇಳಲು ಮರೆಯುತ್ತಾರೆ, ಬಿಲ್ಲಿಗೆ ಸೇರಿಸಲು ಮಾತ್ರ ಮರೆಯುವುದಿಲ್ಲ.

ಹಂತ 8: ನೀರಿನ ಮೇಲಿನ ಮಂಜುಗಡ್ಡೆ

ಹೊಸಬರು ಹೋಗಬೇಡಿ. ಅಷ್ಟೇ.

ಯಾಕೆ ಅಂತ ಕೇಳುವವರಿಗೆ: ಸುಪೀರಿಯರ್ ಪೂರ್ತಿ ಹೆಪ್ಪುಗಟ್ಟುವುದು ಅಪರೂಪ. ದಂಡೆಯ ಮಂಜುಗಡ್ಡೆ ಗಾಳಿ ತಿರುಗಿದರೆ ಬಿಟ್ಟುಕೊಂಡು ತೇಲಿಹೋಗುತ್ತದೆ. ಹೋಟನ್ ಮುಂದಿನ ಕಾಲುವೆಯಲ್ಲಿ ಗಡ್ಡೆಯ ಕೆಳಗೆ ನೀರು ಹರಿಯುತ್ತಿರುತ್ತದೆ. ಮೇಲೆ ಒಂದೇ ರೀತಿ ಕಂಡರೂ ಒಂದು ಕಡೆ ಅಡಿ ದಪ್ಪ, ಹತ್ತು ಮಾರು ಆಚೆ ಮೂರು ಇಂಚು. ಮೇಲೆ ಬಿದ್ದ ಹಿಮ ಕಂಬಳಿ ಹೊದಿಸಿ ಕೆಳಗಿನ ಗಡ್ಡೆ ದಪ್ಪವಾಗಲು ಬಿಡುವುದೂ ಇಲ್ಲ. "ಅಲ್ಲಿ ಯಾರೋ ಹೋಗಿರೋ ಗುರುತು ಇದೆ ಅಲ್ವಾ" ಅನ್ನಬೇಡಿ. ಆ ಗುರುತು ನಿನ್ನೆಯದು, ಆ ಗಾಡಿ ನಿಮ್ಮದಕ್ಕಿಂತ ಹಗುರವಿದ್ದಿರಬಹುದು, ಓಡಿಸಿದವರು ಇಲ್ಲೇ ಹುಟ್ಟಿ ಬೆಳೆದವರಿರಬಹುದು.

ಟ್ರೇಲ್ ಮೇಲೆ ಮರ ಬಿದ್ದಿದ್ದರೆ, ಫಲಕ ಕಾಣೆಯಾಗಿದ್ದರೆ, ನೀರು ಹರಿಯುತ್ತಿದ್ದರೆ ಜಾಗದ ಗುರುತು ಫೋನಿನಲ್ಲಿ ಉಳಿಸಿಕೊಂಡು ಸಂಜೆ ಆ ಊರಿನ ಕ್ಲಬ್ಬಿಗೆ ತಿಳಿಸಿ. ಗ್ರೂಮರ್ ಹೊರಡುವುದು ಹೆಚ್ಚಾಗಿ ಕತ್ತಲಾದ ಮೇಲೆ, ಅದಕ್ಕೆ ಮುಂಚೆ ಸಿಕ್ಕಿದರೆ ಅದೇ ರಾತ್ರಿ ಸರಿಮಾಡುತ್ತಾರೆ.